ಡ್ರೈವಿಂಗ್ ಟೀಚರಿಗೆ ಮಾಡಿಕೊಟ್ಟ ವೆಬ್‌ಸೈಟು

ನಾನು ಮಾಡುವ ಕೆಲಸ ಏನೆಂದು ಪುತ್ತೂರಿನ ನಮ್ಮ ಓಣಿಯವರಿಗೆ ವಿವರಿಸಲು ಹೋಗಿ ಹಲವು ಸಲ ಸೋತಿದ್ದೇನೆ. ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇದೆ, ಪ್ರಿಂಟರ್ ಇದೆ, ಅಂದಮೇಲೆ ಇವಳು ಜೆರಾಕ್ಸ್ ಮಾಡುವವಳೇ ಇರಬೇಕು ಎಂದು ಅವರ ಲೆಕ್ಕ. ಆಧಾರ್ ಕಾರ್ಡಿನಲ್ಲಿ ಹೆಸರು ತಿದ್ದಿಸಲು ಬರುತ್ತಾರೆ, ಪಹಣಿ ತೆಗೆದುಕೊಡಿ ಎನ್ನುತ್ತಾರೆ. ಒಬ್ಬರು ಒಮ್ಮೆ ಕೆಟ್ಟುಹೋದ ಮಿಕ್ಸಿಯನ್ನೇ ತಂದಿದ್ದರು. ನನ್ನ ಅಮ್ಮ, ನಾನು ಉಮ್ಮ ಎಂದು ಕರೆಯುವುದು, ಬಂದವರಿಗೆಲ್ಲ ತಾಳ್ಮೆಯಿಂದ, “ಅವಳು ಕಂಪ್ಯೂಟರಲ್ಲಿ ಚಿತ್ರ ಬಿಡಿಸುದು. ಅಂಗಡಿಯವರಿಗೆಲ್ಲ ಬೇಕಾಗ್ತದೆ” ಎಂದು ಹೇಳಿ ಚಾ ಕೊಟ್ಟು ಕಳಿಸುತ್ತಾರೆ. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಇದಕ್ಕೆ ಮೊದಲು ಹನ್ನೊಂದು ವರ್ಷ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಮದುವೆ ಕಾಗದ, ಬಿಲ್ ಪುಸ್ತಕ, ಶಾಲೆಗಳ ವಾರ್ಷಿಕ ಸಂಚಿಕೆ. ಯಜಮಾನರಿಗೆ ವಯಸ್ಸಾಗಿ ಪ್ರೆಸ್ ಮುಚ್ಚಿದ ದಿನ ಅವರು ತಮ್ಮ ಮೇಜಿನ ಮೇಲಿದ್ದ ದಪ್ಪ ನಿಘಂಟನ್ನು ನನ್ನ ಕೈಗಿಟ್ಟು, “ಒತ್ತಕ್ಷರ ತಪ್ಪಿಸಬೇಡಿ, ಅಷ್ಟು ನೋಡಿಕೊಂಡ್ರೆ ನಿಮಗೆ ಕೆಲಸ ಇಲ್ಲ ಅಂತ ಆಗ್ಲಿಕ್ಕಿಲ್ಲ” ಎಂದರು. ಹಾಗೇ ಆಯಿತು. ಮೊದಲು ಪರಿಚಯದವರ ಮದುವೆ ಕಾಗದಗಳು, ಆಮೇಲೆ ಅತ್ತರಿನ ಅಂಗಡಿಯೊಂದರ ಲೋಗೋ, ಆಮೇಲೆ ಕೆದಂಬಾಡಿಯಲ್ಲಿ ಕಸಿ ಗಿಡ ಮಾರುವವರೊಬ್ಬರ ವೆಬ್‌ಸೈಟು. ವೆಬ್‌ಸೈಟು ಮಾಡುವುದನ್ನು ವಿಡಿಯೋಗಳನ್ನು ನೋಡಿ ನೋಡಿಯೇ ಕಲಿತೆ. ಗಲ್ಫಿನಲ್ಲಿರುವ ಗಂಡ ಪ್ರತಿ ವೆಬ್‌ಸೈಟನ್ನೂ ತನ್ನ ಮೊಬೈಲಿನಲ್ಲಿ ತೆರೆದು, ಎಲ್ಲಿ ಅಕ್ಷರ ಒಡೆದಿದೆ, ಎಲ್ಲಿ ಚಿತ್ರ ತಡವಾಗಿ ಬರುತ್ತದೆ ಎಂದು ವರದಿ ಒಪ್ಪಿಸುತ್ತಿದ್ದ.

ಬ್ಲಾಗ್ ಶುರು ಮಾಡಿದ್ದಕ್ಕೂ ಅವನೇ ಕಾರಣ. ದಿನದ ಕೆಲಸದ ಕತೆಯನ್ನೆಲ್ಲ ನಾನು ಫೋನಿನಲ್ಲಿ ಹೇಳುವುದು, ಅವನು ಅಲ್ಲಿ ಊಟದ ಬಿಡುವಿನಲ್ಲಿ ಕೇಳಿ ನಗುವುದು ನಡೆದಿತ್ತು. “ಇದನ್ನೆಲ್ಲ ಬರಿ. ನಾನೊಬ್ಬನೇ ಕೇಳುದು ಯಾಕೆ?” ಎಂದ. ಬರೆದೆ. ಹಳೆಯ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹೊಸದಕ್ಕೆ ಬದಲಾಯಿಸುವಾಗ ಅರ್ಕಾವತ್ತುಗಳೆಲ್ಲ ಎಲ್ಲೆಲ್ಲಿ ಓಡಿಹೋಗುತ್ತವೆ, ಫ್ಲೆಕ್ಸಿನಲ್ಲಿ ಹದಿನೆಂಟು ಜನರ ಮುಖ ಒಂದೇ ಅಳತೆಯಲ್ಲಿ ಕೂರಿಸುವುದು ಹೇಗೆ, ಇಂಥವು. ಓದುವವರು ಒಂದು ಬಸ್ಸಿನಲ್ಲಿ ಹಿಡಿಸುವಷ್ಟು ಮಂದಿ. ಆದರೆ ಒಬ್ಬರಾದರೂ “ನಗಾಡಿ ಸಾಕಾಯ್ತು” ಎಂದು ಬರೆದರೆ ಆ ದಿನವಿಡೀ ನನಗೆ ಖುಷಿ. ಆ ಖುಷಿಯ ರುಚಿ ಹತ್ತಿದ ಮೇಲೆಯೇ ನಾನು ಎಡವಿದ್ದು.

ಸುಳ್ಯದ ಕಡೆಯಿಂದ ಒಬ್ಬರು ಫೋನ್ ಮಾಡಿದರು. ಐವತ್ತೈದರ ಆಸುಪಾಸಿನ ಹೆಂಗಸು, ಕೃಷಿಕರ ಮನೆಯವರು, ಮನೆಮಾತು ಅರೆಭಾಷೆ. ಹೆಂಗಸರಿಗೆ ಕಾರು ಓಡಿಸಲು ಕಲಿಸುತ್ತಾರೆ. ಸುತ್ತಮುತ್ತಲಿನವರೆಲ್ಲ ಅವರನ್ನು ಟೀಚರ್ ಎಂದೇ ಕರೆಯುವುದು. ಅವರಿಗೆ ಒಂದು ಪುಟದ ವೆಬ್‌ಸೈಟು, ಅದರ ಜೊತೆಗೆ ಹಂಚಲು ಒಂದು ಕರಪತ್ರ ಬೇಕಾಗಿತ್ತು.

ನಾನು ಎರಡೇ ದಿನದಲ್ಲಿ ಮಾಡಿ ಕಳಿಸಿದೆ. ನೋಡಲು ಚಂದವೇ ಇತ್ತು. ಕೆಂಪು ಕಾರು, ಕಪ್ಪು ಕನ್ನಡಕ ಹಾಕಿದ, ಕೂದಲು ಗಾಳಿಗೆ ಬಿಟ್ಟ ಹುಡುಗಿ, ಉದ್ದಕ್ಕೆ ನೇರ ಹೋಗುವ ಹೆದ್ದಾರಿ. ಕೆಳಗೆ ಹೆಸರು, ಇಮೇಲ್ ತುಂಬಿಸಿ ಒತ್ತುವ ಒಂದು ಬಟನ್.

ಟೀಚರ್ ವಾಟ್ಸಾಪಿನಲ್ಲಿ ಮಾತಾಡಿ ಕಳಿಸುವವರು. ಮೊದಲ ಉತ್ತರ ಬಂತು: “ಚಂದ ಉಂಟು. ಆ ಹುಡುಗಿ ಬೇಡ.” ಹುಡುಗಿಯನ್ನು ತೆಗೆದೆ. “ಕಾರಿನ ಬಣ್ಣ ಕೆಂಪು ಬೇಡ, ಬಿಳಿ ಮಾಡಿ.” ಮಾಡಿದೆ. “ಬಿಳಿ ಸರಿ, ಆದ್ರೆ ಇದು ದೊಡ್ಡ ಕಾರಾಯ್ತು. ಸಣ್ಣದು ಹಾಕಿ.” ಹಾಕಿದೆ. ಮರುದಿನ ಬೂದು ಬಣ್ಣ ಬೇಕೆಂದರು, ಅದರ ಮರುದಿನ ಪುನಃ ಬಿಳಿ. ಆಮೇಲೆ ರಸ್ತೆ ನೇರ ಇರಬಾರದು, ತಿರುವು ಬೇಕು. ಆಮೇಲೆ ಬಟನ್ ಬೇಡ. ಏಳನೆಯ ಸಲ ಕಳಿಸಿದಾಗ ಫೋನ್ ನಂಬರಿನ ಅಕ್ಷರ ಇನ್ನೂ ದೊಡ್ಡದಾಗಲಿ ಎಂದರು. ಅಷ್ಟು ದೊಡ್ಡ ನಂಬರು ಹಾಕಿದರೆ ಪುಟ ನೋಡಲು ಲಾರಿಯ ಹಿಂಭಾಗದ ಹಾಗೆ ಕಾಣುತ್ತಿತ್ತು.

ಆ ಮಧ್ಯಾಹ್ನ ನಾನು ಬ್ಲಾಗಿನಲ್ಲಿ ಒಂದು ಬರಹ ಹಾಕಿದೆ. ಏಳು ಸಲ ಬಣ್ಣ ಬಳಿಸಿಕೊಂಡ ಕಾರಿನ ಕತೆ. ಊರ ಹೆಸರಿಲ್ಲ, ಅವರ ಹೆಸರಿಲ್ಲ. “ಒಬ್ಬ ಡ್ರೈವಿಂಗ್ ಅಜ್ಜಿ” ಎಂದು ಬರೆದಿದ್ದೆ. ಅವರ ಮಾತುಗಳನ್ನು ಸ್ವಲ್ಪ ಉಪ್ಪು ಖಾರ ಹಚ್ಚಿ ಇಳಿಸಿದ್ದೆ. ಅಂದು ಸಂಜೆಯೊಳಗೆ ಅದನ್ನು ಓದಿದವರು ಅದುವರೆಗಿನ ನನ್ನ ಎಲ್ಲ ಬರಹ ಓದಿದವರಿಗಿಂತ ಹೆಚ್ಚು. ಗುರುತಿಲ್ಲದವರೆಲ್ಲ ಹಂಚಿಕೊಂಡರು. ಬೆಂಗಳೂರಿನ ಡಿಸೈನರುಗಳು “ನಮ್ಮ ಕತೆಯೂ ಇದೇ” ಎಂದು ಬರೆದರು. ಮೂರು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಹಿತ್ತಲ ಜಗಲಿಯಲ್ಲಿ ಕೂತು ಬೂತಾಯಿ ಮೀನು ಕತ್ತರಿಸುತ್ತಿದ್ದೆ. ಫೋನ್ ಬಂತು. ಕೈಯೆಲ್ಲ ಮೀನು, ಹಾಗಾಗಿ ಉಮ್ಮನಿಂದಲೇ ಸ್ಪೀಕರಿಗೆ ಹಾಕಿಸಿದೆ.

“ಮೇಡಂ, ನಾನು ಸುಳ್ಯದಿಂದ,” ಎಂದರು ಟೀಚರ್. “ಪುರುಸೊತ್ತು ಉಂಟಾ?”

“ಹೇಳಿ ಟೀಚರ್. ನಂಬರ್ ದೊಡ್ಡದು ಮಾಡಿದ್ದೇನೆ.”

“ಅದಲ್ಲ. ನಿಮ್ಮ ಬ್ಲಾಗ್ ಓದಿದೆ. ಆ ಡ್ರೈವಿಂಗ್ ಅಜ್ಜಿ ಅಂದ್ರೆ ನಾನೇ ಅಲ್ವಾ?”

ನನ್ನ ಕೈಯ ಕತ್ತಿ ನಿಂತಿತು. ಉಮ್ಮ ನನ್ನ ಮುಖ ನೋಡಿದರು.

“ಕಾರಲ್ಲಿ ಕ್ಲಾಸ್ ಮಾಡುವಾಗ ಹಿಂದೆ ಕೂತವರು ಜೋರಾಗಿ ಓದಿದ್ರು,” ಎಂದು ಅವರು ಮುಂದುವರಿಸಿದರು. ಸ್ವರದಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. “ಎಲ್ಲರೂ ನಗಾಡಿದ್ರು. ನಾನೂ ನಗಾಡಿದೆ, ಸುಳ್ಳು ಯಾಕೆ ಹೇಳುದು? ನೀವು ಚಂದ ಬರೀತೀರಿ. ಆಮೇಲೆ ಮನೆಗೆ ಬಂದು ಒಬ್ಬಳೇ ಕೂತು ಇನ್ನೊಮ್ಮೆ ಓದಿದೆ. ಎರಡನೇ ಸಲ ನಗು ಬರ್ಲಿಲ್ಲ ಮಾರಾಯ್ರೆ.”

ನಾನು ಕತ್ತಿ ಕೆಳಗಿಟ್ಟು ಫೋನಿನ ಹತ್ತಿರ ಸರಿದು ಕೂತೆ.

“ಏಳು ಸಲ ಬದಲಾಯಿಸಿದ್ದು ಹೌದು. ಆದ್ರೆ ನೀವು ಒಮ್ಮೆಯೂ ಯಾಕೆ ಅಂತ ಕೇಳ್ಲಿಲ್ಲ. ಅದೊಂದು ಹೇಳ್ಬೇಕು ಅನಿಸಿತು. ಇಡ್ತೇನೆ.”

ಫೋನ್ ನಿಂತ ಮೇಲೆ ಉಮ್ಮ ಏನೂ ಬಯ್ಯಲಿಲ್ಲ. ಪಾತ್ರೆಯನ್ನು ನನ್ನ ಮುಂದಿನಿಂದ ಎತ್ತಿಕೊಂಡು, “ಮೀನು ನಾನು ನೋಡ್ತೇನೆ. ನೀನು ಹೋಗಿ ಅವರ ಹತ್ರ ಮಾತಾಡಿ ಬಾ. ಇದು ಫೋನಲ್ಲಿ ಮುಗಿಸುವ ವಿಷಯ ಅಲ್ಲ” ಎಂದರಷ್ಟೆ.

ಹೋಗುವ ಮೊದಲು ಮಾಡಿದ ಕೆಲಸವೆಂದರೆ ಆ ಬರಹವನ್ನು ಅಳಿಸಿದ್ದು. ಅದರಿಂದ ಅರ್ಧ ತಪ್ಪಾದರೂ ತೊಳೆದುಹೋಯಿತು ಎಂದುಕೊಂಡೆ. ಆಮೇಲೆ ಬಸ್ಸು ಹಿಡಿದೆ. ಕುಂಬ್ರ, ಕಾವು ದಾಟಿ ಜಾಲ್ಸೂರು ಬರುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ವಾಕ್ಯ ಜೋಡಿಸುತ್ತಿದ್ದೆ. ಒಂದೂ ಸರಿಯಾಗಿ ಕೂರಲಿಲ್ಲ. ಬೇರೆಯವರಿಗೆ ಒಂದು ಸಾಲಿನ ಜಾಹೀರಾತು ಬರೆದುಕೊಡಲು ನನಗೆ ಹತ್ತು ನಿಮಿಷ ಸಾಕು. ಒಂದು ಕ್ಷಮೆ ಕೇಳಲು ಒಂದು ಗಂಟೆಯ ದಾರಿ ಸಾಲಲಿಲ್ಲ.

ಸುಳ್ಯ ಪೇಟೆಯಿಂದ ಸ್ವಲ್ಪ ಆಚೆ ಒಂದು ಮೈದಾನದ ಬದಿಯಲ್ಲಿ ಅವರು ಕಲಿಸುತ್ತಾರೆಂದು ಗೊತ್ತಿತ್ತು. ರಿಕ್ಷಾದಿಂದ ಇಳಿದಾಗ ಬಿಳಿಯ ಸಣ್ಣ ಕಾರು ಮರದ ನೆರಳಲ್ಲಿ ನಿಂತಿತ್ತು. ಹಳೆಯದು, ಬಲಬದಿಯ ಬಾಗಿಲಿನಲ್ಲಿ ಒಂದು ನೆಗ್ಗು, ಹಿಂದೆ ಮುಂದೆ ಕೆಂಪಕ್ಷರದ ಎಲ್ ಬೋರ್ಡು. ಬಾನೆಟ್ಟಿಗೆ ಒರಗಿ ಹತ್ತಿಯ ಸೀರೆ ಉಟ್ಟ, ಕಾಲಿಗೆ ಕ್ಯಾನ್ವಾಸ್ ಶೂ ಹಾಕಿದ ಹೆಂಗಸೊಬ್ಬರು ನೀರು ಕುಡಿಯುತ್ತಿದ್ದರು. ಅದುವರೆಗೆ ನಾನು ಅವರ ಸ್ವರ ಮಾತ್ರ ಕೇಳಿದ್ದೆ. ಅವರಲ್ಲಿ ಅಜ್ಜಿಯ ಲಕ್ಷಣ ಒಂದೂ ಇರಲಿಲ್ಲ.

ನಾನು ಯಾರೆಂದು ಹೇಳಿದೆ. ಜೋಡಿಸಿಟ್ಟ ವಾಕ್ಯಗಳೆಲ್ಲ ಮರೆತುಹೋಗಿ, “ತಪ್ಪಾಯ್ತು ಟೀಚರ್. ಆ ಬರಹ ತೆಗೆದುಹಾಕಿದ್ದೇನೆ” ಎಂದಷ್ಟೇ ಬಾಯಿಗೆ ಬಂತು.

ಅವರು ಬಾಟಲಿಯ ಮುಚ್ಚಳ ತಿರುಗಿಸುವುದನ್ನು ನಿಲ್ಲಿಸಿದರು. “ತೆಗೆದ್ರಾ? ಯಾಕೆ ತೆಗೆದದ್ದು? ಈಗ ನೋಡಿ, ಓದಿದವರೆಲ್ಲ ನಾನೇ ಜಗಳ ಮಾಡಿ ತೆಗೆಸಿದ್ದು ಅಂತ ಹೇಳುದಿಲ್ವಾ?”

ಇದು ನನಗೆ ಹೊಳೆದೇ ಇರಲಿಲ್ಲ. ನಾನು ಪೆಚ್ಚಾಗಿ ನಿಂತದ್ದು ನೋಡಿ ಅವರಿಗೇ ಪಾಪ ಅನಿಸಿರಬೇಕು. “ಸರಿ, ಬಂದದ್ದು ಬಂದಾಯ್ತು. ಹಿಂದೆ ಕೂತ್ಕೊಳ್ಳಿ. ಎರಡು ಕ್ಲಾಸ್ ಉಂಟು, ಮುಗಿಸಿ ಮನೆಗೆ ಹೋಗಿ ಮಾತಾಡುವ” ಎಂದು ಕಾರಿನ ಹಿಂದಿನ ಬಾಗಿಲು ತೆಗೆದರು.

ಹಾಗೆ ನಾನು ಆ ಕಾರಿನ ಹಿಂದಿನ ಸೀಟಿನಲ್ಲಿ ಎರಡು ಗಂಟೆ ಕೂತೆ.

ಮೊದಲು ಬಂದವರು ಒಬ್ಬ ಅಂಗನವಾಡಿ ಕಾರ್ಯಕರ್ತೆ, ನಲವತ್ತೈದು ದಾಟಿದವರು. ಸ್ಟಿಯರಿಂಗ್ ಹಿಡಿಯುವ ಮೊದಲು ಸೆರಗಿನಲ್ಲಿ ಅಂಗೈ ಒರೆಸಿಕೊಂಡರು. ಮೈದಾನದಲ್ಲಿ ನಾಲ್ಕು ಸುತ್ತು ಹೊಡೆಸಿ ಟೀಚರ್ ಅವರನ್ನು ರಸ್ತೆಗೆ ಇಳಿಸಿದರು. ಏರು ತಿರುವಿನಲ್ಲಿ ಕಾರು ಕೆಮ್ಮಿ ಆಫ್ ಆಯಿತು. ಹಿಂದಿನಿಂದ ಒಂದು ಪಿಕಪ್ ಬಂದು ಹಾರ್ನ್ ಹೊಡೆಯತೊಡಗಿತು. ಕಾರು ಗೇಣಿನಷ್ಟು ಹಿಂದಕ್ಕೆ ಸರಿಯಿತು. ನನ್ನ ಕೈ ತಾನಾಗಿ ಮುಂದಿನ ಸೀಟನ್ನು ಬಿಗಿಹಿಡಿಯಿತು. ಟೀಚರ ಕಾಲ ಬಳಿಯೂ ಒಂದು ಬ್ರೇಕ್ ಇತ್ತು. ಅವರ ಪಾದ ಅದರ ಮೇಲಿತ್ತು, ಆದರೆ ಒತ್ತಲಿಲ್ಲ.

“ಟೀಚರ್, ನೀವೇ ಹಿಡಿಯಿರಿ, ನನ್ನಿಂದ ಆಗುದಿಲ್ಲ,” ಎಂದು ಆ ಹೆಂಗಸು ಹೆಚ್ಚುಕಮ್ಮಿ ಅಳುವ ಸ್ವರದಲ್ಲಿ ಹೇಳಿದರು.

“ಹಾರ್ನ್ ಹೊಡೀಲಿಕ್ಕೆ ಅವನಿಗೂ ಕೈ ಉಂಟು, ಹೊಡೀಲಿ. ನಿಮಗೆ ಅದು ಕೇಳುದಿಲ್ಲ. ಮೊದಲು ಹ್ಯಾಂಡ್‌ಬ್ರೇಕ್. ಹಾಂ. ಈಗ ಕಾರು ಎಲ್ಲಿಗೂ ಹೋಗುದಿಲ್ಲ. ಒಮ್ಮೆ ಉಸಿರು ಬಿಡಿ. ಸ್ಟಾರ್ಟ್ ಮಾಡಿ. ಕ್ಲಚ್ ನಿಧಾನ, ನಿಧಾನ… ಈಗ ಬಿಡಿ ಹ್ಯಾಂಡ್‌ಬ್ರೇಕ್.”

ಕಾರು ಏರಿತು. ಮೇಲೆ ಸಮತಟ್ಟಿಗೆ ಬಂದ ಮೇಲೆ ಅಂಗನವಾಡಿ ಕಾರ್ಯಕರ್ತೆ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. ಆ ನಗುವನ್ನು ನಾನು ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ಎರಡನೆಯವರು ಬುರ್ಖಾ ಹಾಕಿದ ಹೆಂಗಸು, ನಮ್ಮವರೇ, ಬ್ಯಾರಿಗಳು. ಅವರ ಗಂಡನೂ ಗಲ್ಫಿನಲ್ಲಿ. ಮನೆಯಲ್ಲಿ ಕಾರಿದೆ, ಗಂಡ ರಜೆಗೆ ಬಂದಾಗ ಮಾತ್ರ ಅದು ಗೇಟು ದಾಟುವುದು. “ನಾನು ಕಲೀತಿರುದು ಅವರಿಗೆ ಗೊತ್ತಿಲ್ಲ,” ಎಂದು ಬ್ಯಾರಿ ಭಾಷೆಯಲ್ಲೇ ಹೇಳಿದರು. “ಈ ಸಲ ಬರುವಾಗ ಕರ್ಕೊಂಡು ಬರ್ಲಿಕ್ಕೆ ಏರ್‌ಪೋರ್ಟಿಗೆ ನಾನೇ ಹೋಗುದು.”

ಮಧ್ಯಾಹ್ನ ಟೀಚರ ಮನೆಯಲ್ಲಿ ಕೂತು ಮಾತಾಡಿದೆವು. ನಾನು ತಿನ್ನುವ ಮಾಂಸ ಹಲಾಲ್ ಆಗಿರಬೇಕೆಂದು ಅವರಿಗೆ ಗೊತ್ತಿತ್ತು; ನಾನು ಬಾಯಿ ತೆರೆಯುವ ಮೊದಲೇ, “ಇವತ್ತು ಸೌತೆಕಾಯಿ ಹುಳಿ, ಮೊಟ್ಟೆ. ಆಗ್ತದಲ್ಲ?” ಎಂದು ಕೇಳಿದರು. ಉಣ್ಣುತ್ತಾ ನಾನು ನನ್ನ ಫೋನಿನಲ್ಲಿ ಆ ಮೊದಲ ಡ್ರಾಫ್ಟನ್ನು ತೆರೆದು ಮೇಜಿನ ಮೇಲಿಟ್ಟೆ.

“ಈಗ ಕೇಳ್ತೇನೆ ಟೀಚರ್. ಯಾಕೆ?”

ಅವರು ಎಡಗೈ ಬೆರಳಿನಲ್ಲಿ ತೋರಿಸುತ್ತಾ ಹೇಳಿದರು. “ಈ ಹುಡುಗಿಯನ್ನು ನೋಡಿದ್ರೆ ನನ್ನ ಹತ್ರ ಬರುವವರು ಎಂತ ಅಂದುಕೊಳ್ತಾರೆ? ಇದು ಸ್ಟೈಲ್ ಇರುವವರಿಗೆ, ನಮಗಲ್ಲ ಅಂತ. ಕೆಂಪು ಕಾರು ಹಾಕಿದ್ರೆ, ಬಂದು ನೋಡುವಾಗ ಬಿಳಿ ಹಳೇ ಕಾರು. ಮೊದಲನೇ ದಿನವೇ ಸುಳ್ಳು ಹೇಳಿದ ಹಾಗೆ ಆಗುದಿಲ್ವಾ? ಬೂದು ಅಂತ ಹೇಳಿದ್ದು ಮಾತ್ರ ನನ್ನದೇ ತಪ್ಪು. ನನ್ನ ಅಳಿಯ ಕಾರಿಗೆ ಬಣ್ಣ ಹೊಡೆಸುವ ಅಂದಿದ್ದ, ಮತ್ತೆ ಬೇಡ ಅಂತ ಆಯ್ತು.”

“ರಸ್ತೆ?”

“ನೇರ ರಸ್ತೆ ನಮ್ಮಲ್ಲಿ ಎಲ್ಲಿ ಉಂಟು? ಇವರು ಹೆದರುದೇ ತಿರುವಿಗೆ. ತಿರುವಲ್ಲಿ ಎಲ್ ಬೋರ್ಡಿನ ಕಾರು ಕಂಡ್ರೆ, ಹೋ, ಇದನ್ನು ಕಲಿಸ್ತಾರೆ ಅಂತ ಧೈರ್ಯ ಬರ್ತದೆ.”

ಆಮೇಲೆ ಬಟನ್. “ಇಮೇಲ್ ಹಾಕಿ ಒತ್ತಿ ಅಂದ್ರೆ ಯಾರ ಇಮೇಲ್ ಹಾಕುದು? ಅವರ ಫೋನಲ್ಲಿರುದು ಮಗನ ಇಮೇಲ್, ಇಲ್ಲಾಂದ್ರೆ ಗಂಡನದ್ದು. ಅರ್ಧಕ್ಕರ್ಧ ಜನ ಮನೆಯಲ್ಲಿ ಹೇಳದೆ ಬರುವವರು. ನೀವೇ ನೋಡಿದ್ರಲ್ಲ. ಅವರಿಗೆ ಒಂದು ನಂಬರ್ ಸಾಕು, ಕನ್ನಡಕ ಇಲ್ಲದೆ ಕಾಣುವಷ್ಟು ದೊಡ್ಡದು. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಫೋನ್ ಮಾಡ್ತಾರೆ.”

“ಯಾವ ಹೊತ್ತಿಗೆ?”

“ಹನ್ನೊಂದರಿಂದ ಮೂರರ ಒಳಗೆ.”

ಹನ್ನೊಂದು ವರ್ಷ ಪ್ರೆಸ್ಸಿನಲ್ಲಿ, ಆಮೇಲೆ ನನ್ನದೇ ಕೆಲಸದಲ್ಲಿ, ಬಣ್ಣಕ್ಕೆ ಬಣ್ಣ ಹೊಂದಿಸುವುದು, ಅಕ್ಷರದ ಸುತ್ತ ಜಾಗ ಬಿಡುವುದು ಎಲ್ಲ ಕಲಿತಿದ್ದೆ. ಒಂದು ಪುಟವನ್ನು ಯಾರು, ಯಾವ ಹೊತ್ತಿನಲ್ಲಿ, ಯಾರ ಫೋನಿನಲ್ಲಿ ನೋಡುತ್ತಾರೆ ಎಂದು ನಾನು ಯೋಚಿಸಿಯೇ ಇರಲಿಲ್ಲ. ಈ ಹೆಂಗಸು ಅದನ್ನೇ ಏಳು ಸಲ ಬೇರೆ ಬೇರೆ ರೀತಿಯಲ್ಲಿ ಹೇಳಲು ಪ್ರಯತ್ನಿಸಿದ್ದರು. ನಾಚಿಕೆಯಾಯಿತು. ಆದರೆ, ಸುಳ್ಳು ಯಾಕೆ ಹೇಳಲಿ, ಆ ನಾಚಿಕೆಯ ಜೊತೆಗೇ ಕೂಡಲೇ ಮನೆಗೆ ಹೋಗಿ ಕೆಲಸಕ್ಕೆ ಕೂರಬೇಕು ಎಂಬ ಉಮೇದು ಕೂಡ ಹತ್ತಿತ್ತು.

ಹೊರಡುವಾಗ ಕೇಳಿದೆ. “ಆ ಬರಹ ಎಂತ ಮಾಡಲಿ?”

“ಪುನಃ ಹಾಕಿ,” ಎಂದರು. “ಇದ್ದ ಹಾಗೆಯೇ ಇರ್ಲಿ. ಅದರ ಕೆಳಗೆ ನಾನು ಈಗ ಹೇಳಿದ್ದನ್ನು ಬರೀರಿ. ಬೂದು ಬಣ್ಣದ್ದೂ ಬರೀರಿ, ಅಡ್ಡಿಲ್ಲ. ಮತ್ತೆ ಒಂದು, ಆ ಅಜ್ಜಿ ಅನ್ನುದನ್ನು ಮಾತ್ರ ತೆಗೀಬೇಕು. ನನಗೆ ಇನ್ನೂ ಮೊಮ್ಮಕ್ಕಳಾಗ್ಲಿಲ್ಲ ಮಾರಾಯ್ರೆ!”

ಅವರು ಹೇಳಿದಂತೆಯೇ ಮಾಡಿದೆ. ಬರಹದ ಕೆಳಗೆ ಅವರು ಹೇಳಿದ ಕಾರಣಗಳನ್ನೆಲ್ಲ ಬರೆದು, ಕೊನೆಗೆ ನಾನು ಕೇಳದೆ ನಕ್ಕಿದ್ದು ನನ್ನ ತಪ್ಪು ಎಂದು ಒಂದು ಸಾಲು ಸೇರಿಸಿದೆ. ಮೊದಲು ಹಂಚಿಕೊಂಡವರಲ್ಲಿ ಹೆಚ್ಚಿನವರು ತಿರುಗಿ ಬರಲಿಲ್ಲ. ತಮಾಷೆಗೆ ಇರುವಷ್ಟು ಕಾಲು ತಿದ್ದುಪಡಿಗೆ ಇರುವುದಿಲ್ಲ. ಬಂದವರಲ್ಲಿ ಒಬ್ಬರು “ನೀವು ಮೊದಲು ಬರೆದದ್ದೇ ಚೆನ್ನಾಗಿತ್ತು” ಎಂದೂ ಬರೆದರು.

ವೆಬ್‌ಸೈಟನ್ನೂ ಕರಪತ್ರವನ್ನೂ ಹೊಸದಾಗಿ ಮಾಡಿದೆ. ಇನ್ನೊಂದು ದಿನ ಕ್ಯಾಮರಾ ಹಿಡಿದು ಸುಳ್ಯಕ್ಕೆ ಹೋಗಿ, ಅದೇ ಏರು ತಿರುವಿನಲ್ಲಿ ಅದೇ ಬಿಳಿ ಕಾರನ್ನು ನಿಲ್ಲಿಸಿ, ನೆಗ್ಗು ಕಾಣುವ ಹಾಗೆಯೇ ಚಿತ್ರ ತೆಗೆದೆ. ಅಂಗನವಾಡಿ ಕಾರ್ಯಕರ್ತೆ ಮುಖ ಹಾಕಲು ಒಪ್ಪಿದರು. ಬುರ್ಖಾದ ಹೆಂಗಸು, “ಮುಖ ಬೇಡ, ಕೈ ಹಾಕಿ” ಎಂದರು. ಹಾಗಾಗಿ ಪುಟದ ಮಧ್ಯದಲ್ಲಿ ಸ್ಟಿಯರಿಂಗ್ ಹಿಡಿದ ಎರಡು ಕೈಗಳಿವೆ. ಬುರ್ಖಾದ ಕಪ್ಪು ತೋಳಿನ ತುದಿಯಲ್ಲಿ ಎರಡೆರಡು ಬಳೆ. ಕೆಳಗೆ ದೊಡ್ಡ ನಂಬರು, ಅದರಡಿ “ಬೆಳಿಗ್ಗೆ ಹನ್ನೊಂದರಿಂದ ಮೂರರವರೆಗೆ ಮಾತಾಡಲು ಸಿಗುತ್ತೇನೆ” ಎಂಬ ಒಂದು ಸಾಲು. ಬೇರೇನಿಲ್ಲ. ನನ್ನ ಗಂಡನಿಗೆ ಕಳಿಸಿದಾಗ ಅವನು ಎಂದಿನಂತೆ ತಪ್ಪು ಹುಡುಕದೆ, “ಇದು ಯಾವ ತಿರುವು? ನನಗೆ ಗೊತ್ತಿರುವ ಹಾಗೆ ಕಾಣ್ತದೆ” ಎಂದ.

ಎರಡು ತಿಂಗಳಲ್ಲಿ ಟೀಚರಿಗೆ ದಿನಕ್ಕೆ ನಾಲ್ಕು ಕ್ಲಾಸಿನಷ್ಟು ಜನರಾದರು. ಕಡಬದಿಂದಲೂ ಬರುತ್ತಾರೆ. ಬುರ್ಖಾದ ಹೆಂಗಸು ಲೈಸೆನ್ಸ್ ಪಡೆದು ಮಂಗಳೂರಿನ ಏರ್‌ಪೋರ್ಟಿಗೆ ಹೋಗಿಯೇ ಹೋದರು. ಟೀಚರ್ ಪಕ್ಕದ ಸೀಟಿನಲ್ಲಿ ಕೂತಿದ್ದರಂತೆ. ಗಂಡ ಬ್ಯಾಗು ಹಿಂದೆ ಇಟ್ಟು ಡ್ರೈವರಿನ ಬಾಗಿಲಿಗೆ ಬಂದು, ಒಳಗೆ ಯಾರಿದ್ದಾರೆಂದು ನೋಡಿ, ಸುತ್ತು ಹಾಕಿ ಹಿಂದೆ ಹೋಗಿ ಕೂತರಂತೆ. ಬಂಟ್ವಾಳ ದಾಟುವವರೆಗೆ ಮಾತಿಲ್ಲ. ಆಮೇಲೆ, “ಗೇರು ಸರಿ ಹಾಕ್ತಿ” ಎಂದರಂತೆ.

ನಾನೂ ಕಲಿಯುತ್ತೇನೆಂದು ನಾಲ್ಕು ಕ್ಲಾಸಿಗೆ ಹೋದೆ. ನನಗೆ ಹಿಡಿಸಲಿಲ್ಲ. ಬಸ್ಸಿನ ಕಿಟಕಿ ಬದಿಯಲ್ಲಿ ಕೂತು ಅಂಗಡಿಗಳ ಬೋರ್ಡು ಓದುತ್ತಾ ಹೋಗುವುದೇ ನನಗೆ ಇಷ್ಟ. ಸ್ಟಿಯರಿಂಗ್ ಹಿಡಿದರೆ ಬೋರ್ಡು ಓದಲಾಗುವುದಿಲ್ಲ. ಹಾಗೆಂದು ಟೀಚರಿಗೆ ಹೇಳಲು ಸಂಕೋಚವಾಗಿತ್ತು. ಅವರು, “ಎಲ್ಲರಿಗೂ ಬೇಕು ಅಂತ ಉಂಟಾ? ಬೇಕಾದವರಿಗೆ ಸಿಗ್ಬೇಕು, ಅಷ್ಟೇ” ಎಂದು ಬಿಟ್ಟುಬಿಟ್ಟರು.

ಈಗ ಹೊಸ ಕೆಲಸ ಬಂದರೆ ಕಂಪ್ಯೂಟರ್ ಮುಟ್ಟುವ ಮೊದಲು ಒಂದು ದಿನ ಆ ಕೆಲಸ ಕೊಟ್ಟವರಲ್ಲಿಗೆ ಹೋಗುತ್ತೇನೆ. ಕಳೆದ ವಾರ ಕೋಡಿಂಬಾಳಕ್ಕೆ ಹೋಗಿದ್ದೆ. ಅಲ್ಲಿ ಅತ್ತಿಗೆ ನಾದಿನಿಯರಿಬ್ಬರು ಹಲಸಿನ ಹಪ್ಪಳ ಮಾಡಿ ಮಾರುತ್ತಾರೆ, ಅವರಿಗೆ ಪ್ಯಾಕೆಟ್ಟಿನ ಮೇಲೆ ಹಚ್ಚಲು ಲೇಬಲ್ ಬೇಕು. ಹೋದವಳನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಅಂಗಳದಲ್ಲಿ ಚಾಪೆ ಹಾಸಿ, ಬಿಸಿಲಿಗೆ ಹಪ್ಪಳ ಹರಡಲು ನನ್ನನ್ನೂ ಕೂರಿಸಿದರು. ಅತ್ತಿಗೆಗೆ ಲೇಬಲ್ ಹಳದಿ ಬೇಕು, ನಾದಿನಿಗೆ ಹಸಿರು. ಅವರಿಬ್ಬರ ಚರ್ಚೆ ಕೇಳುತ್ತಾ ನಾನು ಎರಡು ಚಾಪೆ ತುಂಬಿಸಿದೆ. ಇನ್ನೂ ತೀರ್ಮಾನವಾಗಿಲ್ಲ. ಹೊರಡುವಾಗ ಎಣ್ಣೆಯಲ್ಲಿ ಕಾಯಿಸಿಕೊಂಡು ತಿನ್ನಿ ಎಂದು ಒಂದು ಕಟ್ಟು ಕೊಟ್ಟಿದ್ದರು. ಉಮ್ಮ ಅದನ್ನು ಸಂಜೆಯ ಚಾದ ಜೊತೆಗೇ ಖಾಲಿ ಮಾಡಿದರು.